ಅಳಿಸಿದ ಮೇಲೂ ಉಳಿಯುವ ಹೆಸರು

ಕಂಪ್ಯೂಟರಿನಿಂದ ಬ್ಯಾಕಪ್ ತಂತ್ರಾಂಶವೊಂದನ್ನು ತೆಗೆದುಹಾಕುವುದು ಅಂಥ ದೊಡ್ಡ ಕೆಲಸವೇನಲ್ಲ. ಪರವಾನಗಿಯ ಅವಧಿ ಮುಗಿದಿರುತ್ತದೆ, ಇಲ್ಲವೇ ಅದರ ಜಾಗಕ್ಕೆ ಬೇರೊಂದು ಬಂದಿರುತ್ತದೆ. ಪಟ್ಟಿಯಲ್ಲಿ ಹೆಸರನ್ನು ಹುಡುಕಿ ‘ಅನ್‌ಇನ್‌ಸ್ಟಾಲ್’ ಒತ್ತಿದರೆ ಕೆಲವು ನಿಮಿಷಗಳಲ್ಲಿ ಎಲ್ಲ ಮುಗಿದು, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕೆಂಬ ಸೂಚನೆ ಬರುತ್ತದೆ. ಅಪರೂಪಕ್ಕೊಮ್ಮೆ ಈ ರೀಸ್ಟಾರ್ಟ್ ಕೊನೆಗಾಣುವುದೇ ಇಲ್ಲ. ವಿಂಡೋಸ್ ಲಾಂಛನ ಮೂಡುತ್ತದೆ, ಅದರ ಕೆಳಗೆ ಚುಕ್ಕಿಗಳ ಉಂಗುರ ನಾಲ್ಕಾರು ಸುತ್ತು ತಿರುಗುತ್ತದೆ, ಆಮೇಲೆ ಪರದೆ ನೀಲಿಯಾಗಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ದೂರು ಕಾಣಿಸಿಕೊಳ್ಳುತ್ತದೆ. ಯಾವ ಡಿಸ್ಕಿನಿಂದ ಬೂಟ್ ಆಗಬೇಕೋ ಆ ಡಿಸ್ಕೇ ಕೈಗೆ ಸಿಗುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಯಂತ್ರ ತಾನಾಗಿಯೇ ಮತ್ತೆ ಶುರುವಾಗಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಈ ದೂರನ್ನು ತುಸು ಪರೀಕ್ಷಿಸಿ ನೋಡಿದರೆ ಅದರೊಳಗೆ ಒಂದು ಒಗಟು ಇರುವುದು ಗೊತ್ತಾಗುತ್ತದೆ. ಅದೇ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಫೋಟೊ, ಪತ್ರ, ಲೆಕ್ಕಪತ್ರ ಎಲ್ಲವೂ ಇದ್ದಲ್ಲೇ ಇರುತ್ತವೆ. ಅಷ್ಟೇ ಅಲ್ಲ, ಡಿಸ್ಕ್ ಸಿಗುತ್ತಿಲ್ಲ ಎಂದು ದೂರುತ್ತಿರುವ ತಂತ್ರಾಂಶವೂ ಕೆಲವೇ ಕ್ಷಣಗಳ ಹಿಂದೆ ಅದೇ ಡಿಸ್ಕಿನಿಂದ ಓದಿಕೊಂಡು ಸ್ಮೃತಿಗೆ, ಅಂದರೆ ಮೆಮೊರಿಗೆ, ಬಂದದ್ದು. ಈಗಷ್ಟೇ ಸಿಕ್ಕಿದ್ದು ಮರುಕ್ಷಣ ಸಿಗದೆ ಹೋಗುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಯಂತ್ರ ನಿದ್ರೆಯಿಂದ ಏಳುವ ಮೊದಲ ಕೆಲವು ಸೆಕೆಂಡುಗಳನ್ನು ಬಿಡಿಸಿ ನೋಡಬೇಕು.

ವಿದ್ಯುತ್ ಹರಿದ ಕ್ಷಣದಲ್ಲಿ ಸಂಸ್ಕಾರಕಕ್ಕೆ, ಅಂದರೆ ಪ್ರೊಸೆಸರಿಗೆ, ಡಿಸ್ಕ್ ಎಂದರೇನೆಂದು ಗೊತ್ತಿರುವುದಿಲ್ಲ, ವಿಂಡೋಸ್ ಎಂದರೇನೆಂದು ಮೊದಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಒಂದು ವಿಳಾಸ. ಇಂದಿನ ಇಂಟೆಲ್ ಮಾದರಿಯ ಸಂಸ್ಕಾರಕಗಳಲ್ಲಿ ಅದು 4 ಗಿಗಾಬೈಟ್ ಗಡಿಯಿಂದ 16 ಬೈಟ್ ಕೆಳಗಿದೆ. ಅಲ್ಲಿರುವ ಆಜ್ಞೆಯನ್ನು ಪಾಲಿಸುವುದೇ ಅದರ ಮೊದಲ ಕೆಲಸ. ಆ ಜಾಗದಲ್ಲಿರುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಕಾರ್ಖಾನೆಯಲ್ಲೇ ಬರೆದಿಟ್ಟ ಸ್ಥಿರ ತಂತ್ರಾಂಶ, ಅಂದರೆ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯಾಸ್; ಹೊಸತರಲ್ಲಿ ಯುಇಎಫ್‌ಐ. ಇದು ಸ್ಮೃತಿಯನ್ನೂ ಕೀಬೋರ್ಡನ್ನೂ ಡಿಸ್ಕನ್ನೂ ಪರೀಕ್ಷಿಸಿ, ಡಿಸ್ಕಿನಿಂದ ಒಂದಿಷ್ಟು ಓದಿ, ಓದಿದ್ದರ ಕೈಗೆ ಅಧಿಕಾರ ಕೊಟ್ಟು ಹಿಂದೆ ಸರಿಯುತ್ತದೆ.

ಬಯಾಸ್ ಓದುತ್ತಿದ್ದದ್ದು ಡಿಸ್ಕಿನ ಮೊದಲ ವಲಯವನ್ನು, ಅಂದರೆ ಮೊದಲ 512 ಬೈಟ್‌ಗಳನ್ನು ಮಾತ್ರ. ಅದರಲ್ಲೂ 64 ಬೈಟ್ ಡಿಸ್ಕಿನ ವಿಭಾಗಗಳ ಪಟ್ಟಿಗೆ ಹೋಗುತ್ತದೆ. ಕೊನೆಯ ಎರಡು ಬೈಟ್‌ಗಳಲ್ಲಿ 85 ಮತ್ತು 170 ಎಂಬ ಸಂಖ್ಯೆಗಳಿರಬೇಕು. ದ್ವಿಮಾನದಲ್ಲಿ ಬರೆದರೆ ಸೊನ್ನೆ ಒಂದುಗಳು ಸರದಿಯಂತೆ ಬರುವ ಈ ಜೋಡಿ ಇದ್ದರೆ ಮಾತ್ರ ಅದು ಬೂಟ್ ಮಾಡಬಲ್ಲ ಡಿಸ್ಕ್ ಎಂದು ಬಯಾಸ್ ಒಪ್ಪುತ್ತದೆ. ಉಳಿದ 446 ಬೈಟ್‌ಗಳಷ್ಟೇ ಕಾರ್ಯಕ್ರಮಕ್ಕೆ ಮೀಸಲು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆಗೆ ಬಂದ ಈ ಏರ್ಪಾಡು ಮೂರು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ಕಂಪ್ಯೂಟರುಗಳ ಹೆಬ್ಬಾಗಿಲಾಗಿತ್ತು ಎನ್ನುವುದು ಇವತ್ತು ಆಶ್ಚರ್ಯವೆನಿಸುತ್ತದೆ. ಒಂದು ಪ್ಯಾರಾದಷ್ಟೂ ಉದ್ದವಿಲ್ಲದ ಆ ಜಾಗವನ್ನು ಹಿಡಿದವರಿಗೆ ಕಾರ್ಯಾಚರಣ ವ್ಯವಸ್ಥೆಗಿಂತ ಮೊದಲು ಎದ್ದು ಕೂರುವ ಅವಕಾಶ ಸಿಗುತ್ತಿತ್ತು. 1986ರಲ್ಲಿ ಲಾಹೋರಿನಿಂದ ಹೊರಟು ಪ್ರಪಂಚ ಸುತ್ತಿದ ‘ಬ್ರೇನ್’ ವೈರಸ್ ಫ್ಲಾಪಿಯ ಮೊದಲ ವಲಯದಲ್ಲಿ ತಾನು ಕುಳಿತು, ಅಸಲಿ ಕಾರ್ಯಕ್ರಮವನ್ನು ಬೇರೆಡೆಗೆ ಸರಿಸಿದ್ದು ಈ ಕಾರಣಕ್ಕೇ.

ಬ್ಯಾಕಪ್ ತಂತ್ರಾಂಶಗಳ ಉದ್ದೇಶ ಒಳ್ಳೆಯದು, ಆದರೆ ಅವಕ್ಕೂ ಬೇಕಾಗಿದ್ದದ್ದು ಅದೇ ಜಾಗ. ವಿಂಡೋಸ್ ಹಾಳಾದಾಗಲೂ ಕೆಲಸಕ್ಕೆ ಬರಬೇಕಾದರೆ ಅವು ವಿಂಡೋಸ್‌ಗಿಂತ ಮುಂಚೆ ಏಳಬೇಕು. ಆಕ್ರೋನಿಸ್ ಕಂಪನಿಯ ‘ಸ್ಟಾರ್ಟಪ್ ರಿಕವರಿ ಮ್ಯಾನೇಜರ್’ ಎಂಬ ಸೌಲಭ್ಯ ಮೊದಲ ವಲಯದಲ್ಲಿ ತನ್ನ ಕಾರ್ಯಕ್ರಮವನ್ನು ಬರೆದು, ಯಂತ್ರ ಏಳುವಾಗ ಎಫ್11 ಕೀಲಿ ಒತ್ತಿದರೆ ತಾನು ಮೇಲೆ ಬರುವಂತೆ ಮಾಡಿಕೊಳ್ಳುತ್ತಿತ್ತು. ನಾರ್ಟನ್ ಹೆಸರಿನಲ್ಲಿ ಮಾರಾಟವಾದ ‘ಗೋಬ್ಯಾಕ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಭಾಗಗಳ ಪಟ್ಟಿಯಲ್ಲೇ ತನ್ನ ಗುರುತನ್ನು ಬರೆದುಬಿಡುತ್ತಿತ್ತು; ಅದನ್ನು ಕ್ರಮಪ್ರಕಾರ ತೆಗೆಯದಿದ್ದರೆ ಉಳಿದ ತಂತ್ರಾಂಶಗಳಿಗೆ ಡಿಸ್ಕ್ ಅಪರಿಚಿತವಾಗಿ ಕಾಣುತ್ತಿತ್ತು. ಈ ಬಗೆಯ ತಂತ್ರಾಂಶದ ಕಡತಗಳು ಹೋಗಿ ಮೊದಲ ವಲಯದ ಬರಹ ಮಾತ್ರ ಉಳಿದರೆ, ಇಲ್ಲದ್ದನ್ನು ಹುಡುಕುತ್ತಾ ಯಂತ್ರ ಕಪ್ಪು ಪರದೆಯ ಮೇಲೆ ಒಂದು ಸಾಲಿನ ದೋಷ ಬರೆದು ನಿಲ್ಲುತ್ತದೆ. ವಿಂಡೋಸ್ ಲಾಂಛನ ಕಾಣುವುದಕ್ಕೂ ಮುಂಚೆಯೇ ನಿಂತರೆ ತೊಂದರೆ ಇಂಥದ್ದು. ‘ಬೂಟ್‌ರೆಕ್ ಫಿಕ್ಸ್ಎಂಬಿಆರ್’ ಎಂಬ ಆಜ್ಞೆ ವಿಭಾಗಗಳ ಪಟ್ಟಿಯನ್ನು ಮುಟ್ಟದೆ ಆ 446 ಬೈಟ್‌ಗಳ ಜಾಗದಲ್ಲಿ ಮೈಕ್ರೋಸಾಫ್ಟ್‌ನ ಮೂಲ ಕಾರ್ಯಕ್ರಮವನ್ನು ಮತ್ತೆ ಬರೆದು ಇದನ್ನು ಸರಿಪಡಿಸುತ್ತದೆ.

ಯುಇಎಫ್‌ಐ ಬಂದ ಮೇಲೆ ಈ ಜಗಳ ಬಹುಮಟ್ಟಿಗೆ ತಣ್ಣಗಾಯಿತು. ಇಟೇನಿಯಂ ಯಂತ್ರಗಳಿಗಾಗಿ ಇಂಟೆಲ್ ಆರಂಭಿಸಿ, 2005ರಿಂದ ಹಲವು ಕಂಪನಿಗಳ ವೇದಿಕೆಯೊಂದು ಬೆಳೆಸುತ್ತಿರುವ ಈ ವ್ಯವಸ್ಥೆಗೆ ಕಡತಗಳನ್ನೇ ಓದಲು ಬರುತ್ತದೆ. ಡಿಸ್ಕಿನಲ್ಲಿ ಇದಕ್ಕೆಂದೇ ಒಂದು ಚಿಕ್ಕ ವಿಭಾಗವಿದ್ದು, ಪ್ರತಿ ಕಾರ್ಯಾಚರಣ ವ್ಯವಸ್ಥೆಯೂ ಅಲ್ಲಿ ತನ್ನದೇ ಕಡತಕೋಶದಲ್ಲಿ ತನ್ನ ಬೂಟ್ ಕಾರ್ಯಕ್ರಮವನ್ನು ಇಟ್ಟುಕೊಳ್ಳುತ್ತದೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬೇಕಾದ ಅಗತ್ಯವಿಲ್ಲ. ಆದರೂ ಬ್ಯಾಕಪ್ ತಂತ್ರಾಂಶ ತೆಗೆದ ಮೇಲೆ ಹೊಸ ಯಂತ್ರಗಳೂ ನಿಲ್ಲುವುದುಂಟು. ಏಕೆಂದರೆ ಬ್ಯಾಕಪ್ ತಂತ್ರಾಂಶಗಳ ಆಳವಾದ ಬೇರು ಇರುವುದು ಹೆಬ್ಬಾಗಿಲಿನಲ್ಲಿ ಅಲ್ಲ, ಮನೆಯ ಒಳಗೆ.

ಬೂಟ್ ಕಾರ್ಯಕ್ರಮಕ್ಕೆ ಸ್ವಂತವಾಗಿ ಡಿಸ್ಕ್ ಓದಲು ಬರುವುದಿಲ್ಲ. ಅದು ಫರ್ಮ್‌ವೇರಿನ ಸಹಾಯ ಪಡೆದು ಓದುತ್ತದೆ. ಹಾಗೆ ಓದಿ ವಿಂಡೋಸ್‌ನ ತಿರುಳನ್ನೂ (ಕರ್ನಲ್), ಬೂಟ್ ಸಮಯಕ್ಕೇ ಬೇಕಾದ ಚಾಲಕ ತಂತ್ರಾಂಶಗಳನ್ನೂ, ಯಾವುದು ಬೇಕು ಯಾವುದು ಬೇಡ ಎಂಬ ವಿವರವಿರುವ ‘ಸಿಸ್ಟಂ’ ಎಂಬ ದಾಖಲೆ ಕಡತವನ್ನೂ ಸ್ಮೃತಿಗೆ ತರುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಫರ್ಮ್‌ವೇರಿನ ಹಂಗಿಲ್ಲದೆ, ಸ್ಮೃತಿಗೆ ಬಂದ ಚಾಲಕಗಳ ಮೂಲಕವೇ ತಿರುಳು ಡಿಸ್ಕನ್ನು ಮುಟ್ಟಬೇಕು. ಒಗಟಿನ ಉತ್ತರ ಇರುವುದು ಈ ಹಸ್ತಾಂತರದಲ್ಲಿ. ಒಂದು ಕ್ಷಣದ ಹಿಂದೆ ಡಿಸ್ಕ್ ಸಿಕ್ಕಿದ್ದು ಒಂದು ದಾರಿಯಲ್ಲಿ, ಈಗ ಸಿಗದಿರುವುದು ಇನ್ನೊಂದು ದಾರಿಯಲ್ಲಿ. ಡಿಸ್ಕ್ ಎರಡೂ ಹೊತ್ತು ಅಲ್ಲೇ ಇದೆ.

ಆ ಎರಡನೆಯ ದಾರಿ ಒಂದೇ ನೆಗೆತದ್ದಲ್ಲ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಕಾಲದಿಂದಲೂ ಚಾಲಕಗಳನ್ನು ಪದರ ಪದರವಾಗಿ ಜೋಡಿಸುವ ವಿನ್ಯಾಸ ನಡೆದುಬಂದಿದೆ. ಕಡತ ಎಂದರೇನೆಂದು ತಿಳಿದ ಪದರ ಒಂದು, ವಿಭಾಗ ಎಂದರೇನೆಂದು ತಿಳಿದದ್ದು ಇನ್ನೊಂದು, ಡಿಸ್ಕಿನ ತುಂಡುಗಳನ್ನು ಮಾತ್ರ ಬಲ್ಲದ್ದು ಅದರ ಕೆಳಗೆ, ತಂತಿಯ ಮೇಲೆ ಸಂಕೇತ ಕಳಿಸುವುದು ಎಲ್ಲಕ್ಕಿಂತ ಕೆಳಗೆ. ಓದು ಅಥವಾ ಬರೆ ಎಂಬ ಪ್ರತಿಯೊಂದು ಕೋರಿಕೆಯೂ ಒಂದು ಪೊಟ್ಟಣವಾಗಿ ಮೇಲಿನಿಂದ ಕೆಳಕ್ಕೆ ಹೋಗಿ, ಉತ್ತರ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಕೆಲಸದವರು ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಪ್ರತಿ ಪದರಕ್ಕೂ ತನ್ನ ಅಕ್ಕಪಕ್ಕದವರಷ್ಟೇ ಗೊತ್ತು. ಈ ಸಾಲಿನ ಸೊಗಸು ಇರುವುದು, ನಡುವೆ ಹೊಸಬರೊಬ್ಬರು ಬಂದು ನಿಂತರೂ ಉಳಿದವರು ತಮ್ಮ ಕೆಲಸದ ರೀತಿಯನ್ನು ಬದಲಿಸಬೇಕಾಗಿಲ್ಲ ಎಂಬುದರಲ್ಲಿ. ಹಾಗೆ ನಡುವೆ ಬಂದು ನಿಂತು, ಹಾದುಹೋಗುವ ಪ್ರತಿ ಪೊಟ್ಟಣವನ್ನೂ ನೋಡಿ ಮುಂದಕ್ಕೆ ಕಳಿಸುವ ಚಾಲಕವೇ ಸೋಸು ಚಾಲಕ. ಈ ವೃತ್ತಿಯವರ ಬಾಯಲ್ಲಿ ಫಿಲ್ಟರ್ ಡ್ರೈವರ್.

ಪ್ರತಿ ಮಾಡಿಡುವ ತಂತ್ರಾಂಶ ಇಷ್ಟು ಆಳದಲ್ಲಿ ಬಂದು ನಿಲ್ಲಬೇಕೇ ಎಂಬ ಪ್ರಶ್ನೆ ಸಹಜ. ಕಡತಗಳನ್ನು ಒಂದೊಂದಾಗಿ ಓದಿ ಇನ್ನೊಂದು ಡಿಸ್ಕಿಗೆ ಬರೆದರೆ ಸಾಲದೇ? ಸಾಲದು, ಏಕೆಂದರೆ ಪ್ರತಿ ಮಾಡುವಾಗ ಯಂತ್ರ ಸುಮ್ಮನೆ ಕುಳಿತಿರುವುದಿಲ್ಲ. ಅಂಗಡಿಯೊಂದರ ಯಂತ್ರದಲ್ಲಿ ಹತ್ತು ಗಂಟೆಗೆ ಮಾರಾಟದ ಕಡತದ ಪ್ರತಿ ಆಯಿತು. ದಾಸ್ತಾನಿನ ಕಡತದ ಸರದಿ ಬರುವಾಗ ಹತ್ತೂವರೆ. ನಡುವಿನ ಅರ್ಧ ಗಂಟೆಯಲ್ಲಿ ನಡೆದ ವ್ಯಾಪಾರ ಒಂದು ಪ್ರತಿಯಲ್ಲಿ ಇರುವುದಿಲ್ಲ, ಇನ್ನೊಂದರಲ್ಲಿ ಇರುತ್ತದೆ. ಮುಂದೆಂದೋ ಈ ಪ್ರತಿಯಿಂದ ಎಲ್ಲವನ್ನೂ ಮರಳಿ ಪಡೆದಾಗ ಲೆಕ್ಕ ತಾಳೆಯಾಗುವುದಿಲ್ಲ. ಬೇಕಾಗಿರುವುದು ಇಡೀ ಡಿಸ್ಕಿನ ಒಂದೇ ಕ್ಷಣದ ಚಿತ್ರ, ಅದೂ ಕೆಲಸ ನಿಲ್ಲಿಸದೆ.

ಇದಕ್ಕೆ ಕಂಡುಕೊಂಡ ಉಪಾಯ ಬಹಳ ಚೆಂದದ್ದು. ಚಿತ್ರ ತೆಗೆಯಬೇಕಾದ ಕ್ಷಣದಲ್ಲಿ ಏನನ್ನೂ ಪ್ರತಿ ಮಾಡುವುದಿಲ್ಲ. ಆ ಕ್ಷಣದ ನಂತರ ಯಾರಾದರೂ ಡಿಸ್ಕಿನ ಒಂದು ತುಂಡಿನ ಮೇಲೆ ಹೊಸದಾಗಿ ಬರೆಯಲು ಹೊರಟಾಗ, ಆ ಬರಹವನ್ನು ಅರೆಗಳಿಗೆ ತಡೆದು, ಅಲ್ಲಿದ್ದ ಹಳೆಯದನ್ನು ಬೇರೆಡೆ ಎತ್ತಿಟ್ಟು, ಆಮೇಲೆ ಹೊಸದಕ್ಕೆ ದಾರಿ ಬಿಡಲಾಗುತ್ತದೆ. ಬದಲಾಗದ ತುಂಡುಗಳು ಇದ್ದಲ್ಲೇ ಇರುವುದರಿಂದ, ಅವುಗಳ ಜೊತೆ ಎತ್ತಿಟ್ಟ ಹಳೆಯ ತುಂಡುಗಳನ್ನು ಸೇರಿಸಿ ಓದಿದರೆ ಆ ಕ್ಷಣದ ಡಿಸ್ಕ್ ಪೂರ್ತಿಯಾಗಿ ಎದುರಿಗೆ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ರ ಕಾಲದಲ್ಲಿ ಮೈಕ್ರೋಸಾಫ್ಟ್ ತಾನೇ ‘ವಾಲ್‌ಸ್ನ್ಯಾಪ್’ ಎಂಬ ಸೋಸು ಚಾಲಕದ ಮೂಲಕ ಇದನ್ನು ಒದಗಿಸಿತು. ಅದು 16 ಕಿಲೋಬೈಟ್‌ಗಳ ತುಂಡುಗಳಲ್ಲಿ ಈ ಲೆಕ್ಕ ಇಡುತ್ತದೆ. ಡಿಸ್ಕಿನ ಕಡೆಗೆ ಹೋಗುವ ಪ್ರತಿಯೊಂದು ಬರಹವೂ ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲದೆ ಈ ಕೆಲಸ ಸಾಧ್ಯವಿಲ್ಲ.

ಮೈಕ್ರೋಸಾಫ್ಟ್‌ನದೇ ಇರುವಾಗ ಬೇರೆ ಕಂಪನಿಗಳು ತಮ್ಮದನ್ನೂ ಸೇರಿಸುವುದು ಬಹುತೇಕ ವೇಗಕ್ಕಾಗಿ. ಪ್ರತಿದಿನ ಇಡೀ ಡಿಸ್ಕನ್ನು ಪ್ರತಿ ಮಾಡುವ ಬದಲು ನಿನ್ನೆಯಿಂದ ಇಂದಿಗೆ ಬದಲಾದದ್ದನ್ನು ಮಾತ್ರ ಮಾಡಿದರೆ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಯಾವುದು ಬದಲಾಯಿತೆಂದು ತಿಳಿಯಲು ಎಲ್ಲವನ್ನೂ ಓದಿ ಹೋಲಿಸುವುದಕ್ಕಿಂತ, ಬರಹಗಳು ಹಾದುಹೋಗುವಾಗಲೇ ಗುರುತು ಹಾಕಿಕೊಳ್ಳುವುದು ಲೇಸು. ಉದಾಹರಣೆಗೆ 1 ಟೆರಾಬೈಟ್ ಡಿಸ್ಕನ್ನು 64 ಕಿಲೋಬೈಟ್‌ಗಳ ತುಂಡುಗಳಾಗಿ ಎಣಿಸಿದರೆ ಸುಮಾರು 1.68 ಕೋಟಿ ತುಂಡುಗಳಾಗುತ್ತವೆ. ಒಂದೊಂದಕ್ಕೆ ಬದಲಾಗಿದೆ ಅಥವಾ ಇಲ್ಲ ಎಂಬ ಒಂದೇ ಬಿಟ್ ಸಾಕಾದ್ದರಿಂದ, ಇಡೀ ಡಿಸ್ಕಿನ ದಿನಚರಿ ಕೇವಲ 2 ಮೆಗಾಬೈಟ್‌ಗಳಲ್ಲಿ ಹಿಡಿಸುತ್ತದೆ. ಆದರೆ ಈ ದಿನಚರಿಗೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ಒಂದೇ ಒಂದು ಬರಹ ಕಣ್ತಪ್ಪಿ ಹೋದರೂ ಅದನ್ನು ನಂಬುವಂತಿಲ್ಲ. ವಿಂಡೋಸ್ ಎಚ್ಚರವಾಗುತ್ತಿರುವಾಗಲೇ ಡಿಸ್ಕಿನ ಮೇಲೆ ನೂರಾರು ಬರಹಗಳು ನಡೆಯುತ್ತವೆ. ಆದ್ದರಿಂದ ಗುರುತು ಹಾಕುವ ಚಾಲಕ ಡಿಸ್ಕಿನ ಮೊದಲ ಬರಹಕ್ಕೂ ಮುಂಚೆಯೇ, ಅಂದರೆ ತಿರುಳಿನ ಜೊತೆಗೇ, ಎದ್ದು ನಿಂತಿರಬೇಕು. ಸುರಕ್ಷತೆಗಾಗಿ ತಂದ ತಂತ್ರಾಂಶ ಬೂಟ್ ಆಗುವ ಕ್ರಿಯೆಯೊಳಗೇ ಹೆಣೆದುಕೊಳ್ಳುವುದು ನಿರ್ಮಾತೃಗಳ ಅಜಾಗರೂಕತೆಯಿಂದಲ್ಲ. ಕೆಲಸದ ಸ್ವರೂಪವೇ ಅದನ್ನು ಬೇಡುತ್ತದೆ.

ಹೀಗೆ ಹೆಣೆದುಕೊಂಡದ್ದರ ದಾಖಲೆ ಎರಡು ಕಡೆ ಇರುತ್ತದೆ. ವಿಂಡೋಸ್‌ನ ನೋಂದಣಿ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ‘ಸರ್ವಿಸಸ್’ ಎಂಬ ಕೋಶದೊಳಗೆ ಆ ಚಾಲಕದ ಕಡತ ಎಲ್ಲಿದೆ, ಅದನ್ನು ಯಾವಾಗ ಎಬ್ಬಿಸಬೇಕು ಎಂಬುದು ಬರೆದಿರುತ್ತದೆ. ಎಬ್ಬಿಸುವ ಹೊತ್ತಿಗೆ 0ಯಿಂದ 4ರವರೆಗೆ ಅಂಕಿಗಳಿದ್ದು, 0 ಎಂದರೆ ಬೂಟ್ ಕಾಲದಲ್ಲೇ, 4 ಎಂದರೆ ಎಂದೂ ಬೇಡ. ಇನ್ನೊಂದು ದಾಖಲೆ ‘ಕ್ಲಾಸ್’ ಕೋಶದಲ್ಲಿ, ಉಪಕರಣಗಳ ಜಾತಿಯ ಅಡಿಯಲ್ಲಿ. ಡಿಸ್ಕ್ ಜಾತಿಯ ಸಂಕೇತ 4ಡಿ36ಇ967 ಎಂದು ಆರಂಭವಾಗುತ್ತದೆ, ಡಿಸ್ಕಿನ ಮೇಲಿನ ವಾಲ್ಯೂಮ್‌ಗಳದ್ದು, ಅಂದರೆ ಬಳಕೆಗೆ ಸಿದ್ಧವಾದ ವಿಭಾಗಗಳದ್ದು, 71ಎ27ಸಿಡಿಡಿ ಎಂದು. ಅಲ್ಲಿ ‘ಅಪರ್‌ಫಿಲ್ಟರ್ಸ್’, ‘ಲೋವರ್‌ಫಿಲ್ಟರ್ಸ್’ ಎಂಬ ಎರಡು ಪಟ್ಟಿಗಳಿರುತ್ತವೆ. ಆ ಜಾತಿಯ ಉಪಕರಣವನ್ನು ಎಬ್ಬಿಸುವಾಗಲೆಲ್ಲ ಯಾರು ಯಾರು ಸಾಲಿನಲ್ಲಿ ನಿಲ್ಲಬೇಕೆಂಬ ಹಾಜರಿ ಪಟ್ಟಿ ಅದು. ಆಕ್ರೋನಿಸ್‌ನ ‘ಸ್ನ್ಯಾಪ್‌ಮ್ಯಾನ್’ನಂಥ ಹೆಸರುಗಳು ಸೇರುವುದು ಇಲ್ಲಿಗೆ.

ತೆಗೆಯುವಾಗ ಎರಡನ್ನೂ ಸರಿಯಾದ ಕ್ರಮದಲ್ಲಿ ತೆಗೆಯಬೇಕು: ಮೊದಲು ಹಾಜರಿ ಪಟ್ಟಿಯಿಂದ ಹೆಸರು, ಆಮೇಲೆ ಯಂತ್ರ ಒಮ್ಮೆ ಮುಚ್ಚಿ ತೆರೆದಾಗ ಕಡತ. ಓಡುತ್ತಿರುವ ಡಿಸ್ಕ್ ಸಾಲಿನಿಂದ ಚಾಲಕವನ್ನು ಅಲ್ಲಿಂದಲ್ಲಿಗೇ ಕಿತ್ತು ತೆಗೆಯುವಂತಿಲ್ಲವಾದ್ದರಿಂದ ಈ ನಡುವಿನ ರೀಸ್ಟಾರ್ಟ್ ತಪ್ಪದು. ಎಡವಟ್ಟಾಗುವುದು ಇಲ್ಲೇ. ತೆಗೆಯುವ ಕಾರ್ಯಕ್ರಮ ಅರ್ಧದಲ್ಲಿ ನಿಲ್ಲಬಹುದು, ಕರೆಂಟ್ ಹೋಗಬಹುದು, ರಿಜಿಸ್ಟ್ರಿಯ ಬದಲಾವಣೆಯನ್ನು ಆ್ಯಂಟಿವೈರಸ್ ತಡೆಯಬಹುದು. ಕಸ ಗುಡಿಸುವುದಾಗಿ ಹೇಳಿಕೊಳ್ಳುವ ‘ಕ್ಲೀನರ್’ ತಂತ್ರಾಂಶವೊಂದು ಬರೀ ಕಡತಗಳನ್ನು ಅಳಿಸಿ ಕೈತೊಳೆದುಕೊಳ್ಳಬಹುದು. ಒಟ್ಟಿನಲ್ಲಿ ಕಡತ ಹೋಗಿ ಹೆಸರು ಉಳಿಯುತ್ತದೆ. ಮುಂದಿನ ಸಲ ಬೂಟ್ ಆಗುವಾಗ ತಿರುಳು ಹಾಜರಿ ಕೂಗುತ್ತದೆ, ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಆಗ ಅದು ಡಿಸ್ಕನ್ನು ಎಬ್ಬಿಸಲು ನಿರಾಕರಿಸುತ್ತದೆ.

ಇದೇ ದೋಷದ ಸೌಮ್ಯ ರೂಪವೊಂದು ಹಿಂದೆ ಬಹಳ ಪರಿಚಿತವಾಗಿತ್ತು. ಸಿಡಿ ಬರೆಯುವ ತಂತ್ರಾಂಶವನ್ನು ತೆಗೆದ ಮೇಲೆ ಸಿಡಿ ಡ್ರೈವೇ ಕಾಣೆಯಾಗಿ, ಉಪಕರಣಗಳ ಪಟ್ಟಿಯಲ್ಲಿ ಹಳದಿ ಗುರುತಿನ ಜೊತೆ ಸಂಕೇತ 39 ಕಾಣಿಸುತ್ತಿತ್ತು. ಅಲ್ಲಿ ನಿಂತದ್ದು ಸಿಡಿ ಡ್ರೈವ್ ಆದ್ದರಿಂದ ಯಂತ್ರ ನಡೆಯುತ್ತಿತ್ತು. ನಿಂತದ್ದು ವಿಂಡೋಸ್ ಇರುವ ಡಿಸ್ಕೇ ಆದರೆ ನೀಲಿ ಪರದೆ.

ಬಾರದವನನ್ನು ಬಿಟ್ಟು ಮುಂದೆ ಸಾಗಿದರೆ ಆಗದೇ ಎಂದು ಅನ್ನಿಸುವುದು ಸಹಜ, ಅನೇಕ ತಂತ್ರಜ್ಞರೂ ಇದನ್ನು ವಿಂಡೋಸ್‌ನ ಮೊಂಡುತನವೆಂದೇ ಬಗೆಯುತ್ತಾರೆ. ಆದರೆ ಆ ಹೆಸರು ಬ್ಯಾಕಪ್ ತಂತ್ರಾಂಶದ್ದೋ ಇನ್ನೊಂದರದ್ದೋ ತಿರುಳಿಗೆ ತಿಳಿಯದು. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ ‘ಎಫ್‌ವಿಇವಾಲ್’ ಕೂಡ ಇಂಥದೇ ಪಟ್ಟಿಯಲ್ಲಿ ನಿಂತಿರುವ ಸೋಸು ಚಾಲಕ; ಡಿಸ್ಕಿಗೆ ಹೋಗುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವುದು, ಬರುವುದನ್ನು ಬಿಡಿಸುವುದು ಅದರ ಕೆಲಸ. ಅಂಥ ಪದರವೊಂದು ಕಾಣೆಯಾದಾಗ ಪರವಾಗಿಲ್ಲವೆಂದು ಮುಂದುವರಿದರೆ, ಗೂಢಲಿಪಿಯನ್ನು ಅಸಲಿ ದತ್ತಾಂಶವೆಂದು ಓದಿ, ಅದರ ಮೇಲೆ ಬಿಡಿ ಅಕ್ಷರಗಳನ್ನು ಬರೆದು, ಮರಳಿ ಪಡೆಯಲಾಗದಂತೆ ಕೆಡಿಸಿಬಿಡಬಹುದು. ಏಳದೆ ನಿಂತ ಯಂತ್ರವನ್ನು ಸರಿಪಡಿಸಬಹುದು, ಕೆಟ್ಟುಹೋದ ದತ್ತಾಂಶವನ್ನಲ್ಲ. ಈ ದೃಷ್ಟಿಯಿಂದ ಆ ನಿರಾಕರಣೆ ಸರಿಯಾದದ್ದೇ. ಮೆಚ್ಚಲಾಗದ್ದು ಏನೆಂದರೆ, ಯಾರ ಹೆಸರಿಗೆ ಉತ್ತರ ಬರಲಿಲ್ಲ ಎಂಬುದನ್ನು ನೀಲಿ ಪರದೆ ಹೇಳುವುದಿಲ್ಲ.

ಹಾಗಾಗಿ ಕಾರಣವನ್ನು ಊಹಿಸಬೇಕಾಗುತ್ತದೆ. ಫರ್ಮ್‌ವೇರಿನಲ್ಲಿ ಡಿಸ್ಕ್ ನಿಯಂತ್ರಣದ ಬಗೆಯನ್ನು ಎಎಚ್‌ಸಿಐ ಇಂದ ರೇಡ್‌ಗೆ ಬದಲಿಸಿದರೂ ಇದೇ ದೋಷ ಬರುತ್ತದೆ, ಡಿಸ್ಕ್ ನಿಜವಾಗಿ ಸಾಯುತ್ತಿದ್ದರೂ ಬರಬಹುದು. ಹಿಂದಿನ ದಿನದವರೆಗೆ ಸರಿಯಾಗಿದ್ದು, ಬ್ಯಾಕಪ್ ತಂತ್ರಾಂಶ ತೆಗೆದ ಮೇಲಿನ ಮೊದಲ ರೀಸ್ಟಾರ್ಟಿನಲ್ಲೇ ನಿಂತಿದ್ದರೆ ಅನುಮಾನ ಸೋಸು ಚಾಲಕದ ಮೇಲೆ ಬೀಳಬೇಕು. ‘ಸೇಫ್ ಮೋಡ್’ ಇಲ್ಲಿ ನೆರವಿಗೆ ಬರುವುದಿಲ್ಲ. ಸೇಫ್ ಮೋಡ್‌ಗೂ ಡಿಸ್ಕ್ ಬೇಕು, ಡಿಸ್ಕಿಗೆ ಅದೇ ಹಾಜರಿ ಪಟ್ಟಿ. ಬೂಟ್ ದಾಖಲೆಗಳನ್ನು ಪುನಃ ಬರೆಯುವ ಆಜ್ಞೆಗಳಿಂದಲೂ ಉಪಯೋಗವಿಲ್ಲ, ಏಕೆಂದರೆ ಆ ಹಂತವನ್ನು ಯಂತ್ರ ಆಗಲೇ ದಾಟಿ ಬಂದಿದೆ. ತೊಂದರೆ ಯಾವ ಹಂತದಲ್ಲಿದೆ ಎಂದು ನೋಡದೆ, ಸಿಕ್ಕ ಆಜ್ಞೆಗಳನ್ನೆಲ್ಲ ಸಾಲಾಗಿ ಹೊಡೆಯುತ್ತಾ ಹೋಗುವ ಅಭ್ಯಾಸದಿಂದ ಒಂದಿದ್ದ ದೋಷ ಎರಡಾಗುವುದೇ ಹೆಚ್ಚು.

ದುರಸ್ತಿ ನಡೆಯುವುದು ವಿಂಡೋಸ್‌ನ ಹೊರಗಿನಿಂದ. ಸತತವಾಗಿ ಬೂಟ್ ವಿಫಲವಾದಾಗ ಯಂತ್ರ ತಾನಾಗಿಯೇ ‘ರಿಕವರಿ ಎನ್ವಿರಾನ್ಮೆಂಟ್’ ಎಂಬ ಪುಟ್ಟ ವಿಂಡೋಸ್ ಒಂದನ್ನು ಎಬ್ಬಿಸುತ್ತದೆ. ಅದು ಏಳದಿದ್ದರೆ ಬೇರೆ ಯಂತ್ರದಲ್ಲಿ ಸಿದ್ಧಪಡಿಸಿದ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದಲೂ ಅಲ್ಲಿಗೆ ತಲುಪಬಹುದು. ಈ ಪುಟ್ಟ ವಿಂಡೋಸ್ ಸ್ಮೃತಿಯಲ್ಲೇ, ಎಕ್ಸ್ ಎಂಬ ಕಾಲ್ಪನಿಕ ಡ್ರೈವಿನಲ್ಲಿ ನಡೆಯುತ್ತದೆ, ಅದಕ್ಕೆ ತನ್ನದೇ ಶುದ್ಧವಾದ ರಿಜಿಸ್ಟ್ರಿ ಇರುತ್ತದೆ. ಹಾಗಾಗಿ ಡಿಸ್ಕ್ ಅದಕ್ಕೆ ತಕರಾರಿಲ್ಲದೆ ಕಾಣುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಮೊದಲು 48 ಅಂಕಿಗಳ ಕೀಲಿ ಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಅರಿವಿಲ್ಲದಂತೆಯೇ ಈ ಬೀಗ ಬಿದ್ದಿರುವುದುಂಟು. ಆಗ ಕೀಲಿ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ಮೊದಲು ಮಾಡಬೇಕಾದದ್ದು ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡುವುದು, ಆಮೇಲೆ ವಿಂಡೋಸ್ ಕಡತಕೋಶದೊಳಗಿನ ‘ಸಿಸ್ಟಂ32’ರ ‘ಕಾನ್ಫಿಗ್’ನಲ್ಲಿರುವ ‘ಸಿಸ್ಟಂ’ ಕಡತದ ಒಂದು ಪ್ರತಿಯನ್ನು ಪಕ್ಕಕ್ಕಿಡುವುದು. ಕಮಾಂಡ್ ಪ್ರಾಂಪ್ಟ್‌ನಿಂದ ರೆಜ್‌ಎಡಿಟ್ ತೆರೆದು ಆ ಕಡತವನ್ನು ‘ಲೋಡ್ ಹೈವ್’ ಮೂಲಕ ಬೇರೊಂದು ಹೆಸರಿನಲ್ಲಿ ಜೋಡಿಸಿಕೊಂಡರೆ, ನಿಂತುಹೋದ ವಿಂಡೋಸ್‌ನ ನೋಂದಣಿ ಪುಸ್ತಕ ಕಣ್ಣೆದುರು ತೆರೆದುಕೊಳ್ಳುತ್ತದೆ. ಜೋಡಿಸಿಕೊಳ್ಳದೆ ಅಲ್ಲಿ ಮೊದಲೇ ಕಾಣುವ ‘ಸಿಸ್ಟಂ’ ಕೋಶವನ್ನು ತಿದ್ದಿದರೆ ತಿದ್ದಿದಂತಾಗುವುದು ಪುಟ್ಟ ವಿಂಡೋಸ್‌ನದು. ಎರಡೂ ನೋಡಲು ಒಂದೇ ತೆರನಾಗಿರುವುದರಿಂದ ಈ ಪ್ರಮಾದ ತೀರಾ ಸುಲಭ. ಇನ್ನೊಂದು ವ್ಯತ್ಯಾಸವೂ ಇದೆ: ನಡೆಯುತ್ತಿರುವ ವಿಂಡೋಸ್‌ನಲ್ಲಿ ಕಾಣುವ ‘ಕರೆಂಟ್‌ಕಂಟ್ರೋಲ್‌ಸೆಟ್’ ಎಂಬ ಕೋಶ ಮಲಗಿರುವ ಕಡತದಲ್ಲಿ ಇರುವುದಿಲ್ಲ. ಅದು ಎಚ್ಚರವಿದ್ದಾಗ ಮಾತ್ರ ಹುಟ್ಟುವ ಕೊಂಡಿ. ‘ಸೆಲೆಕ್ಟ್’ ಎಂಬ ಕೋಶದಲ್ಲಿ ‘ಕರೆಂಟ್’ನ ಬೆಲೆ 1 ಎಂದಿದ್ದರೆ ‘ಕಂಟ್ರೋಲ್‌ಸೆಟ್001’ರೊಳಗೆ ಹೋಗಬೇಕು.

ಅಲ್ಲಿಂದ ಡಿಸ್ಕ್ ಜಾತಿಯ ಪಟ್ಟಿಗೆ ಬಂದಾಗ ಕೈ ಬಿಗಿ ಹಿಡಿಯಬೇಕಾಗುತ್ತದೆ. ಸಿಡಿ ಡ್ರೈವಿನ ವಿಷಯದಲ್ಲಿ ಎರಡೂ ಪಟ್ಟಿಗಳನ್ನು ಇಡಿಯಾಗಿ ಅಳಿಸಿಬಿಡಿ ಎಂಬ ಸಲಹೆ ನಡೆಯುತ್ತಿತ್ತು. ಅದೇ ಸಲಹೆಯನ್ನು ಇಲ್ಲಿಗೆ ತಂದರೆ ಯಂತ್ರ ಇನ್ನಷ್ಟು ಕೆಡುತ್ತದೆ. ಡಿಸ್ಕ್ ಜಾತಿಯ ಅಪರ್‌ಫಿಲ್ಟರ್ಸ್‌ನಲ್ಲಿರುವ ‘ಪಾರ್ಟ್‌ಎಂಜಿಆರ್’ ವಿಂಡೋಸ್‌ನದೇ ಚಾಲಕ, ವಿಭಾಗಗಳನ್ನು ಗುರುತಿಸುವುದು ಅದೇ. ವಾಲ್ಯೂಮ್ ಜಾತಿಯಲ್ಲಿ ವಾಲ್‌ಸ್ನ್ಯಾಪ್, ಎಫ್‌ವಿಇವಾಲ್ ಮುಂತಾದವೂ ಮನೆಯವರೇ. ಪಟ್ಟಿಯಲ್ಲಿ ಸಾಲಿಗೊಂದರಂತೆ ಹೆಸರುಗಳಿರುತ್ತವೆ. ಅವುಗಳಲ್ಲಿ ಬ್ಯಾಕಪ್ ತಂತ್ರಾಂಶದ ಹೆಸರಿನ ಸಾಲನ್ನು ಮಾತ್ರ ಅಳಿಸಬೇಕು. ಅಪರಿಚಿತವೆಂದು ತೋರುವ ಹೆಸರನ್ನು ಅಳಿಸುವ ಮೊದಲು ‘ಡ್ರೈವರ್ಸ್’ ಕಡತಕೋಶದಲ್ಲಿ ಆ ಹೆಸರಿನ ಕಡತ ಇದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಸರ್ವಿಸಸ್‌ನಲ್ಲಿ ಅದೇ ಚಾಲಕದ ನಮೂದು ಉಳಿದಿದ್ದರೆ ಅದರ ಆರಂಭದ ಅಂಕಿಯನ್ನು 0 ಇದ್ದದ್ದು 4 ಮಾಡಿ, ‘ಅನ್‌ಲೋಡ್ ಹೈವ್’ ಕೊಟ್ಟು ಹೊರಬಂದರೆ ಕೆಲಸ ಮುಗಿಯಿತು. ಊಹೆ ಸರಿಯಿದ್ದರೆ ಮುಂದಿನ ಬೂಟ್ ಎಂದಿನಂತೆ ಆಗುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಆಜ್ಞೆಗಳನ್ನು ಪಾಲಿಸುವ ಯಂತ್ರವೊಂದು ಹತ್ತಕ್ಷರವೂ ಇಲ್ಲದ ಒಂದು ಸಾಲಿಗಾಗಿ ನಿಂತಿತ್ತು ಎಂಬುದನ್ನು ಆಗ ನಂಬುವುದು ಕಷ್ಟವಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಮದ್ದೂ ಉಂಟು. ಸರ್ವಿಸಸ್‌ನ ನಮೂದು ಹಾಗೆಯೇ ಇದ್ದು ಕಡತವಷ್ಟೇ ಹೋಗಿದ್ದರೆ, ಅದೇ ಆವೃತ್ತಿಯ ತಂತ್ರಾಂಶವಿರುವ ಬೇರೊಂದು ಯಂತ್ರದಿಂದ ಆ ಚಾಲಕದ ಕಡತವನ್ನು ತಂದು ಡ್ರೈವರ್ಸ್ ಕಡತಕೋಶದಲ್ಲಿಟ್ಟರೂ ಹಾಜರಿ ಭರ್ತಿಯಾಗಿ ಯಂತ್ರ ಏಳುತ್ತದೆ. ಮುಂಚೆ ಇನ್ನೊಂದು ಸುಲಭದ ದಾರಿ ಇತ್ತು: ರಿಜಿಸ್ಟ್ರಿಯ ಹಳೆಯ ಪ್ರತಿಯನ್ನು ವಿಂಡೋಸ್ ತಾನೇ ‘ರೆಜ್‌ಬ್ಯಾಕ್’ ಕಡತಕೋಶದಲ್ಲಿ ಇಡುತ್ತಿತ್ತು. ಜಾಗ ಉಳಿಸುವುದಕ್ಕಾಗಿ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಈ ಪದ್ಧತಿಯನ್ನು ಕೈಬಿಟ್ಟಿತು. ಈಗ ಅಲ್ಲಿ ಕಡತಗಳ ಹೆಸರಿದ್ದರೂ ಗಾತ್ರ ಸೊನ್ನೆ. ತುಸು ಜಾಗಕ್ಕಾಗಿ ಮಾಡಿದ ಈ ಉಳಿತಾಯ ವಿವೇಕದ್ದೆಂದು ಹೇಳುವುದು ಕಷ್ಟ. ‘ಸಿಸ್ಟಂ ರಿಸ್ಟೋರ್’ ಚಾಲೂ ಇದ್ದರೆ ಮಾತ್ರ ಹಿಂದಿನ ದಿನದ ರಿಜಿಸ್ಟ್ರಿಗೆ ಮರಳಬಹುದು, ಅನೇಕ ಯಂತ್ರಗಳಲ್ಲಿ ಅದು ಚಾಲೂ ಇರುವುದಿಲ್ಲ.

ತಿರುಳಿನ ಜೊತೆಗೇ ಏಳುವ ಹೊರಗಿನ ಚಾಲಕಗಳ ಮೇಲೆ ಎಷ್ಟೆಲ್ಲ ನಿಂತಿದೆ ಎಂಬುದು ಜನಸಾಮಾನ್ಯರಿಗೂ ಅರಿವಾದದ್ದು 2024ರ ಜುಲೈ 19ರಂದು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷವುಳ್ಳ ಕಡತವನ್ನು ಓದಲು ಹೋಗಿ ಅದರ ಚಾಲಕ ಮುಗ್ಗರಿಸಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ಹಲವು ನಿಲ್ದಾಣಗಳಲ್ಲಿ ಚೆಕ್‌ಇನ್ ಕೆಲಸ ಕೈಬರಹಕ್ಕೆ ಇಳಿಯಿತು. ಅಲ್ಲಿ ಚಾಲಕ ಕಾಣೆಯಾಗಿರಲಿಲ್ಲ, ಇದ್ದೇ ಕೆಡಿಸಿತ್ತು. ಆದರೆ ದುರಸ್ತಿಯ ಸ್ವರೂಪ ಒಂದೇ: ಹೊರಗಿನಿಂದ ಒಳಹೊಕ್ಕು ಒಂದು ಕಡತ ಅಳಿಸುವುದು. ಅಷ್ಟು ಚಿಕ್ಕ ಕೆಲಸಕ್ಕೆ ದಿನಗಟ್ಟಲೆ ಹಿಡಿದದ್ದು, ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬರು ಖುದ್ದಾಗಿ ಕೂರಬೇಕಾದ್ದರಿಂದ ಮತ್ತು ಬಿಟ್‌ಲಾಕರ್ ಕೀಲಿಗಳನ್ನು ಹುಡುಕಬೇಕಾದ್ದರಿಂದ. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್, ಏಳದೆ ನಿಂತ ಯಂತ್ರಗಳನ್ನು ದೂರದಿಂದಲೇ ಸರಿಪಡಿಸುವ ಏರ್ಪಾಡನ್ನೂ, ಭದ್ರತಾ ತಂತ್ರಾಂಶಗಳು ತಿರುಳಿನ ಹೊರಗೇ ಕೆಲಸ ಮಾಡುವ ದಾರಿಯನ್ನೂ ರೂಪಿಸುವುದಾಗಿ ಪ್ರಕಟಿಸಿತು.

ಬ್ಯಾಕಪ್ ತಂತ್ರಾಂಶದ ಪ್ರಸಂಗದಲ್ಲಿ ಇನ್ನೊಂದು ಸಾಧ್ಯತೆ ಉಳಿದಿದೆ. ಆ ತಂತ್ರಾಂಶ ಇದ್ದಾಗ ತೆಗೆದಿಟ್ಟ ಇಡೀ ಡಿಸ್ಕಿನ ಪ್ರತಿ ಹೊರಗಿನ ಡಿಸ್ಕಿನಲ್ಲಿ ಇದ್ದರೆ, ಅದರಿಂದ ಮರಳಿ ಪಡೆದಾಗ ಯಂತ್ರ ಸಾಮಾನ್ಯವಾಗಿ ಏಳುತ್ತದೆ. ಆದರೆ ಪ್ರತಿ ತೆಗೆದ ದಿನದ ರಿಜಿಸ್ಟ್ರಿಯೂ ಚಾಲಕದ ಕಡತವೂ ಅದರೊಳಗೇ ಇರುವುದರಿಂದ, ತೆಗೆಯಬೇಕೆಂದಿದ್ದ ತಂತ್ರಾಂಶವೂ ಜೊತೆಯಲ್ಲೇ ಎದ್ದು ಬಂದಿರುತ್ತದೆ. ಮತ್ತೆ ತೆಗೆಯಲು ಹೊರಡುವಾಗ ಆ ಕಂಪನಿಯೇ ಒದಗಿಸುವ ಶುದ್ಧೀಕರಣ ಸಾಧನವನ್ನು ಬಳಸಿ, ಕೊನೆಯ ರೀಸ್ಟಾರ್ಟ್‌ಗೆ ಮುನ್ನ ಡಿಸ್ಕ್ ಮತ್ತು ವಾಲ್ಯೂಮ್ ಜಾತಿಗಳ ಅಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಪಟ್ಟಿಗಳನ್ನು ತೆರೆದು, ಹೆಸರು ಹೋಗಿದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.